ಹಂದಿಗೂ ಒಂದು ಸಾಲು

ಲಿವರ್‌ಪೂಲ್, ಮಂಗಳವಾರ, 6 ಅಕ್ಟೋಬರ್ 1874

ನಮ್ಮ ಹಡಗಿನಲ್ಲಿ ಕ್ಯಾಪ್ಟನ್ನನ ಕೆಳಗಿನ ಅಧಿಕಾರಿ, ಮೇಟ್ ಪೆಂಗೆಲ್ಲಿಯ ಇವತ್ತಿನ ಮುಖ ಮರೆತುಹೋಗಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಜ್ವರದಲ್ಲಿ ನಡುಗುತ್ತಿದ್ದ ನನ್ನ ಗೆಳೆಯ ಎಮ್ರಿಸ್‌ನನ್ನು ಬಿರುಗಾಳಿಯಲ್ಲಿ ಹಾಯಿಮರ ಹತ್ತಿಸಿದವನು ಇವನೇ. ಎಮ್ರಿಸ್ ಸಮುದ್ರದ ಪಾಲಾದ. ಅಂದಿನಿಂದ ಮೂರು ತಿಂಗಳು ಮೇಟ್‌ನ ಮೇಲೊಂದು ಬೈಗುಳದ ಸಾಲು ಮಸೆದಿಟ್ಟಿದ್ದೆ. ದಡ ಸೇರಿದ ದಿನ, ಕೊನೆಯ ಸಲ ಪಂಪು ಒತ್ತಿ ಹಡಗಿನ ನೀರು ಹೊರಹಾಕುವಾಗ, ಹಾಡು ಹೇಳಿಕೊಡುವ ನಾನು ಯಾರನ್ನು ಬೈದರೂ ಶಿಕ್ಷೆಯಿಲ್ಲ.

ಬೆಳಿಗ್ಗೆ ಕ್ಯಾಪ್ಟನ್ನನಿಂದ ಶುರು ಮಾಡಿದೆ.

"ಹುಳದ ರೊಟ್ಟಿ ನಮ್ಗೆ, ಕೋಳಿ ಕಾಲು ನಿಂಗೆ!"

"ಒತ್ರೋ ಒತ್ರೋ, ಊರು ಬಂತು ಒತ್ರೋ!" ಎಂದರು ಎಲ್ಲರೂ.

ಮುಂದಿನ ಸರದಿ ಮೇಟ್‌ನದು. ತಲೆಯೆತ್ತಿ ನೋಡಿದರೆ ಆಸಾಮಿ ಟೋಪಿ ಓರೆಮಾಡಿಕೊಂಡು, ಮೀಸೆ ಸವರುತ್ತಾ, ಮದುವೆ ಗಂಡಿನ ಹಾಗೆ ಕಾಯುತ್ತಿದ್ದಾನೆ! ಹಾಡಿಗೇರಿದವನೆಂದು ಹೆಂಡದಂಗಡಿಗಳಲ್ಲಿ ಕೊಚ್ಚಿಕೊಳ್ಳಲು ಅವನಿಗೆ ನನ್ನ ಬೈಗುಳ ಬೇಕಿತ್ತು.

ಅವನನ್ನು ಬಿಟ್ಟು ಅಡುಗೆಯವನಿಗೆ ಹಾರಿದೆ. ಆಮೇಲೆ ಬೆಕ್ಕಿಗೆ. ಕೊನೆಗೆ ಹಡಗಿನ ಹಂದಿಗೂ ಒಂದು ಸಾಲು ಕೊಟ್ಟು ಮುಗಿಸಿದೆ.

"ಏಯ್, ನಂದೆಲ್ಲೋ?" ಎನ್ನುತ್ತಾ ಮೇಟ್ ಬಂದ.

"ನಿಮ್ದಾ ಸಾರ್? ನೆನಪೇ ಆಗ್ಲಿಲ್ಲ. ಬೇಕಾದ್ರೆ ಹಂದೀದು ಇನ್ನೊಂದ್ಸಲ ಹೇಳ್ಲಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಅವನ ಮುಖ ಹರಳೆಣ್ಣೆ ಕುಡಿದವನ ಹಾಗಾಯಿತು. ಆಹಾ!

ಈ ಹಾಡು ನಾಳೆ ಇವರ ಬಾಯಲ್ಲೇ ಬೇರೆ ಹಡಗುಗಳಿಗೆ ಹೋಗುತ್ತದೆ. ಬೆಕ್ಕು ಉಳಿಯುತ್ತದೆ, ಹಂದಿ ಉಳಿಯುತ್ತದೆ. ಎಮ್ರಿಸ್, ಮಸೆದಿಟ್ಟ ಆ ಸಾಲನ್ನು ಇಲ್ಲೂ ಬರೆಯುವುದಿಲ್ಲ ಕಣೋ.

ಅಯ್ಯೋ, ಮೇಲೆ ಮೇಟ್‌ನ ಹೆಸರು ಬರೆದುಬಿಟ್ಟಿದ್ದೇನೆ. ತಡಿ, ಅದನ್ನೂ ಹೊಡೆದುಹಾಕಿ ಬರ್ತೀನಿ.