ಬಾಣಂತಿ ಕೋಣೆ ಎಂಬ ಅನಗತ್ಯ ವೆಚ್ಚ

ತುರ್ತು ನೆರವು ನಿಧಿಯ ಅನುದಾನ ಪರಿಶೀಲನಾಧಿಕಾರಿಗಳ ಸನ್ನಿಧಾನಕ್ಕೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾವು ಕಳಿಸಿದ ಬಜೆಟ್ಟಿನಲ್ಲಿ ‘ಬಾಣಂತಿಯರಿಗೆ ಗೋಡೆ, ಬಾಗಿಲು ಇರುವ ಒಂದು ಕೋಣೆ’ ಎಂಬ ಸಾಲಿತ್ತು. ತಾವು ಅದರ ಮೇಲೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ‘ಅನಗತ್ಯ ವೆಚ್ಚ’ ಎಂದು ಬರೆದಿರಿ. ಆ ಕೋಣೆಯಲ್ಲಿ ಮಲಗಬೇಕಾಗಿದ್ದ ಕೂಸು ಈಗ ಮಣ್ಣಿನಲ್ಲಿ ಮಲಗಿದೆ. ಅಂದರೆ ತಮ್ಮ ಷರಾ ಕೊನೆಗೂ ನಿಜವಾಯಿತು, ಆ ಕೂಸಿಗೆ ಇನ್ನು ಕೋಣೆಯ ಅಗತ್ಯವಿಲ್ಲ. ಅಭಿನಂದನೆಗಳು.

ನಾನು ದೊಡ್ಡಬಳ್ಳಾಪುರದ ಒಂದು ಸಣ್ಣ ಸೇವಾ ಸಂಸ್ಥೆಗೆ ಯೋಜನಾ ಪ್ರಸ್ತಾವನೆ ಬರೆದುಕೊಡುವವಳು. ನೆರೆ ಬಂದಾಗ, ಬೆಂಕಿ ಬಿದ್ದಾಗ, ಕಾಯಿಲೆ ಹಬ್ಬಿದಾಗ ಜನಕ್ಕೆ ಏನು ಬೇಕೆಂದು ಕೇಳಿಕೊಂಡು ಬಂದು, ಅದನ್ನು ತಮ್ಮಂಥವರಿಗೆ ಅರ್ಥವಾಗುವ ಭಾಷೆಗೆ ಇಳಿಸುವುದು ನನ್ನ ಕಸುಬು. ಹೊಟ್ಟೆಗಿಲ್ಲ ಎಂದರೆ ‘ಪೌಷ್ಟಿಕಾಂಶದ ಕೊರತೆ’ ಎನ್ನಬೇಕು. ಮನೆ ಬಿದ್ದವರನ್ನು ‘ಉದ್ದೇಶಿತ ಫಲಾನುಭವಿಗಳು’ ಎನ್ನಬೇಕು. ಕೂತು ಅಳುವವರಿಗೆ ಒಂದು ಹೆಗಲು ಬೇಕೆಂದರೆ ‘ಮನೋಸಾಮಾಜಿಕ ಬೆಂಬಲ’ ಎನ್ನಬೇಕು. ಇಷ್ಟು ವರ್ಷದಲ್ಲಿ ಇದೆಲ್ಲ ನನಗೆ ಬಾಯಿಪಾಠ. ಈ ಸಲ ಮಾತ್ರ ನಮ್ಮ ಮನೆಗಳಲ್ಲಿ ಹೇಗೆ ಹೇಳುತ್ತೇವೋ ಹಾಗೇ ‘ಬಾಣಂತಿ ಕೋಣೆ’ ಎಂದು ಬರೆದುಬಿಟ್ಟೆ. ಹೆತ್ತವಳು ಬೆಚ್ಚಗಿರಬೇಕು ಎನ್ನುವುದನ್ನೂ ಬಿಡಿಸಿ ಹೇಳಬೇಕಾಗುತ್ತದೆ ಎಂದು ಹೊಳೆಯಲೇ ಇಲ್ಲ, ಸ್ವಾಮಿ.

ನಡೆದದ್ದು ಇಷ್ಟು. ಹೋದ ಮಳೆಗಾಲದಲ್ಲಿ ಮಧುರೆ ಹೋಬಳಿಯ ಒಂದು ಊರಿನಲ್ಲಿ ಕೆರೆ ಏರಿ ಒಡೆದು, ಅದರ ಕೆಳಗಿನ ಬೀದಿ ಪೂರ್ತಿ ನೀರುಪಾಲಾಯಿತು. ಮಣ್ಣಿನ ಗೋಡೆಗಳು, ಕರಗಿಯೇ ಹೋದವು. ಮನೆ ಕಳೆದುಕೊಂಡವರಿಗೆ ಗೋಮಾಳದಲ್ಲಿ ಶೆಡ್ಡು ಹಾಕಿಕೊಟ್ಟರು. ಮೇಲೆ ತಗಡು, ಸುತ್ತ ಟಾರ್ಪಾಲು. ಅಲ್ಲಿಗೆ ಬಂದವರಲ್ಲಿ ಮುನಿತಾಯಮ್ಮ ಒಬ್ಬಳು. ಗಂಡ ಸತ್ತ ಮೇಲೆ ಕೂಲಿನಾಲಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ, ಮದುವೆ ಮಾಡಿದವಳು. ದೊಡ್ಡ ಮಗಳು ಸಂಘಮಿತ್ರಳನ್ನು ನೆಲಮಂಗಲಕ್ಕೆ ಕೊಟ್ಟಿದೆ. ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು, ಬಂದ ಮೇಲೆ ಕೆರೆ ಒಡೆಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಹೆಣ್ಣು ಕೂಸನ್ನು ಹೆತ್ತು, ಅಲ್ಲಿಂದ ನೇರ ಟಾರ್ಪಾಲಿನೊಳಕ್ಕೆ ಬಂದಳು. ಗಂಡ ಲಾರಿ ಡ್ರೈವರು, ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅತ್ತೆ ತೀರಿಕೊಂಡಿದ್ದಾಳೆ. ನೆಲಮಂಗಲದ ಬಾಡಿಗೆ ರೂಮಿಗೆ ಹೋದರೆ ಒಂದು ಲೋಟ ಬಿಸಿನೀರು ಕೊಡುವವರಿಲ್ಲ.

ನಮ್ಮ ಕಡೆ ಬಾಣಂತನವೆಂದರೆ ಗಾಳಿ ನುಗ್ಗದ ಒಂದು ಕೋಣೆ, ಹಂಡೆ ತುಂಬ ಕಾದ ನೀರು, ತಲೆಗೆ ಕಟ್ಟಲು ಬಟ್ಟೆ, ಮೆಣಸು ಬೆಳ್ಳುಳ್ಳಿಯ ಸಾರು. ಇಷ್ಟೇ. ಮೇಲುಬೀದಿಯವರು ಅಕ್ಕಿ ಕೊಟ್ಟರು, ಹಳೇ ಸೀರೆ ಕೊಟ್ಟರು, ಸೌದೆಯನ್ನೂ ಕೊಟ್ಟರು. ಕೋಣೆ ಕೊಡಲಿಲ್ಲ. ಸೂತಕದವಳನ್ನು, ಅದೂ ಕೆಳಬೀದಿಯವಳನ್ನು, ಒಳಗೆ ಬಿಟ್ಟುಕೊಳ್ಳಲು ಅವರ ಮನೆದೇವರು ಒಪ್ಪಲಿಲ್ಲವಂತೆ. ಇದನ್ನೂ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮೊಬ್ಬರನ್ನೇ ಬೈದರೆ ಅನ್ಯಾಯವಾಗುತ್ತದೆ. ಊರಿನವರ ಹೊಸಿಲು ದಾಟಲಾಗದ್ದಕ್ಕೇ ನಾವು ನಿಮ್ಮ ಹೊಸಿಲಿಗೆ ಬಂದದ್ದು.

ತಮ್ಮ ಕಚೇರಿಯ ಕಾರ್ಯಕ್ರಮ ಸಂಯೋಜಕರು ಫೋನು ಮಾಡಿದರು. “ಮೇಡಂ, ಬಾಣಂತನ ಅನ್ನೋದು ಸಂಪ್ರದಾಯ ಅಲ್ವಾ? ಅದಕ್ಕೆಲ್ಲ ನಾವು ಫಂಡ್ ಕೊಡಕ್ಕಾಗಲ್ಲ. ಆಡಿಟ್‌ನಲ್ಲಿ ಸಿಕ್ಕಾಕೊಳ್ತೀವಿ.”

“ಅಲ್ಲಪ್ಪಾ, ನಾನೇನು ಓಲಗದೋರನ್ನ ಕರ್ಸಿ ಅಂದ್ನಾ? ನಾಕು ಗೋಡೆ ಕೇಳ್ತಿದೀನಿ” ಎಂದೆ.

“ಹೆಡ್ಡಿಂಗ್ ಚೇಂಜ್ ಮಾಡಿ ಕಳ್ಸಿ ಮೇಡಂ, ನೋಡೋಣ.”

ಬದಲಾಯಿಸಿದೆ. ‘ತಾಯಿ ಮತ್ತು ನವಜಾತ ಶಿಶುವಿನ ಉಷ್ಣ ಸಂರಕ್ಷಣಾ ಘಟಕ’ ಎಂದು ಹೆಡ್ಡಿಂಗ್ ಬರೆದು, ಅದರ ಕೆಳಗಿನ ಸಾಲನ್ನು ಹಾಗೇ ಬಿಟ್ಟೆ. ಅದೇ ಕೋಣೆ, ಅದೇ ಹಂಡೆ, ಅದೇ ಒಲೆ. ತಮಗೆ ಬಲು ಮೆಚ್ಚುಗೆಯಾಗಿ, ಸ್ಥಳ ಪರಿಶೀಲನೆಗೆ ಕಾರು ಬಂತು.

ಬಂದವರು ಕೂಸಿನ ಮುಖ ನೋಡಲಿಲ್ಲ, ರೇಷನ್ ಕಾರ್ಡು ಕೇಳಿದರು. ಸಂಘಮಿತ್ರಳ ಹೆಸರು ನೆಲಮಂಗಲದ ಕಾರ್ಡಿನಲ್ಲಿದೆ. ಮದುವೆಯಾದ ಹೆಣ್ಣಿನ ಹೆಸರು ಇನ್ನೆಲ್ಲಿರುತ್ತದೆ? “ಇವ್ರು ಇಲ್ಲಿಯವ್ರಲ್ಲ, ಗೆಸ್ಟು. ಇವ್ರನ್ನ ಲೆಕ್ಕಕ್ಕೆ ತಗೊಳಕ್ಕಾಗಲ್ಲ” ಎಂದರು. ಮುನಿತಾಯಮ್ಮ ಎದ್ದು ನಿಂತಳು.

“ಗೆಸ್ಟಾ? ನನ್ ಮಗಳು ನನ್ ಮನೇಗ್ ಬಂದವ್ಳೆ ಕಣಪ್ಪಾ. ನಿಮ್ಮವ್ವ ನಿನ್ನ ಹೆತ್ತಾಗ ಎಲ್ಲಿದ್ಲು, ಲಾಡ್ಜಲ್ಲಾ?”

ತಮ್ಮವರು ನಕ್ಕರು. ಕಾರು ಹತ್ತುವವರೆಗೂ ಅದನ್ನೇ ಹೇಳಿಕೊಂಡು ನಗುತ್ತಿದ್ದರು. ಆಮೇಲೆ ಕೆಂಪು ಗೆರೆ ಬಂತು.

ಈಗ ತಮ್ಮ ನಿಯಮದ ಚಂದವನ್ನು ಓದುಗರೂ ನೋಡಲಿ. ಆ ಶೆಡ್ಡುಗಳಲ್ಲಿ ಇನ್ನೂ ಒಂದಿಬ್ಬರು ಬಾಣಂತಿಯರಿದ್ದರು, ಎಲ್ಲರೂ ತವರಿಗೆ ಬಂದ ಮಗಳಂದಿರೇ. ಅವರು ಯಾರೂ ತಮ್ಮ ಲೆಕ್ಕಕ್ಕಿಲ್ಲ. ಆದರೆ ಅದೇ ಶೆಡ್ಡುಗಳ ಸೊಸೆಯರು ಹೆರಿಗೆಗೆಂದು ಅವರವರ ತವರಿಗೆ ಹೋಗಿದ್ದರಲ್ಲ, ಅವರ ಹೆಸರು ಇಲ್ಲಿನ ಕಾರ್ಡಿನಲ್ಲಿ ಭದ್ರವಾಗಿತ್ತು. ಅವರು ಫಲಾನುಭವಿಗಳು! ಅವರಿಗೆ ತಮ್ಮ ಮುದ್ರೆಯಿದ್ದ ತಾಯಿ-ಮಗುವಿನ ಕಿಟ್ಟುಗಳು ಬಂದವು, ಕಂಬಳಿಯೂ ಸೇರಿ. ‘ಫಲಾನುಭವಿಯ ಸಹಿಯಿಲ್ಲದೆ ವಿತರಿಸುವಂತಿಲ್ಲ’ ಎಂದು ಆದೇಶ. ಫಲಾನುಭವಿ ಹೊಸಕೋಟೆಯಲ್ಲೋ ದೇವನಹಳ್ಳಿಯಲ್ಲೋ ಅವಳಮ್ಮನ ಮನೆಯಲ್ಲಿ ಬೆಚ್ಚಗೆ ಮಲಗಿದ್ದಾಳೆ, ಇಲ್ಲಿ ಕಂಬಳಿ ಪಂಚಾಯ್ತಿ ಕೋಣೆಯಲ್ಲಿ ಬೀಗದೊಳಗಿದೆ. ಹೆಂಗಸರು ಹೆರುವುದಕ್ಕೆ ತಾಯಿಮನೆಗೆ ಹೋಗುತ್ತಾರೆ ಎನ್ನುವುದು ಈ ಸೀಮೆಯಲ್ಲಿ ತಮ್ಮ ಕಚೇರಿಯೊಂದನ್ನು ಬಿಟ್ಟು ಇನ್ಯಾರಿಗೆ ಗೊತ್ತಿಲ್ಲ, ಹೇಳಿ?

ಜಾಗೃತಿ ಬ್ಯಾನರುಗಳಿಗೆ ತಾವು ಧಾರಾಳವಾಗಿ ಮಂಜೂರು ಮಾಡಿದ್ದಿರಿ. ಆ ಹಣದಲ್ಲಿ ಒಂದಿಷ್ಟು ಸಿಮೆಂಟ್ ಇಟ್ಟಿಗೆ ತರಿಸಿಕೊಳ್ಳುತ್ತೇನೆಂದು ಬೇಡಿಕೊಂಡೆ. ‘ಒಂದು ಶೀರ್ಷಿಕೆಯ ಹಣ ಇನ್ನೊಂದಕ್ಕೆ ಬಳಸುವಂತಿಲ್ಲ’ ಎಂದು ಉತ್ತರ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರು ಯಾರು, ಪೂಜಾರಿ ಯಾರು ಎನ್ನುವುದೇ ನನಗೆ ತಿಳಿಯದೆ ಹೋಯಿತು.

ಆಮೇಲೆ ಜಡಿಮಳೆ ಹಿಡಿಯಿತು. ಬಯಲಲ್ಲಿ ಮೂರು ಕಲ್ಲಿಟ್ಟು ನೀರು ಕಾಯಿಸುತ್ತಿದ್ದ ಮುನಿತಾಯಮ್ಮನ ಒಲೆ ಹತ್ತುತ್ತಲೇ ಇರಲಿಲ್ಲ. ಊದಿ ಊದಿ ಅವಳ ಕಣ್ಣು ಕೆಂಡವಾಗಿದ್ದವು. ಟಾರ್ಪಾಲು ಗಾಳಿಗೆ ಎದ್ದೆದ್ದು ಬೀಳುತ್ತಿತ್ತು. ಸಂಘಮಿತ್ರ ಕೂಸನ್ನು ಎದೆಗೆ ಕಟ್ಟಿಕೊಂಡು, ತಾನೂ ನಡುಗುತ್ತ ಕೂತಿರುತ್ತಿದ್ದಳು. ಕೂಸಿಗೆ ಮೊದಲು ಶೀತವಾಯಿತು, ಆಮೇಲೆ ಉಸಿರಿಗೊಮ್ಮೆ ಪಕ್ಕೆ ಎಳೆಯತೊಡಗಿತು. ದೊಡ್ಡಬಳ್ಳಾಪುರಕ್ಕೆ ಒಯ್ದೆವು. ಬೆಂಗಳೂರಿಗೆ ಕರೆದೊಯ್ಯಿರಿ ಎಂದರು. ದಾರಿಯಲ್ಲೇ ಹೋಯಿತು. ಗೋಡೆಯಿದ್ದಿದ್ದರೆ ಉಳಿಯುತ್ತಿತ್ತೆಂದು ನಾನು ಪ್ರಮಾಣ ಮಾಡಲಾರೆ, ಡಾಕ್ಟರೂ ಹಾಗೆ ಹೇಳಲಿಲ್ಲ. ಆದರೆ ಆ ಕೂಸು ಬದುಕಿದಷ್ಟು ದಿನವೂ ಚಳಿಯಲ್ಲೇ ಬದುಕಿತು. ಅದನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಇನ್ನೂ ಹೆಸರಿಟ್ಟಿರಲಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಮಳೆ ನಿಂತ ಮೇಲೆ ತಮ್ಮ ನಿಧಿಯಿಂದ ‘ನವಜಾತ ಶಿಶು ಆರೈಕೆ ಕಾರ್ಯಾಗಾರ’ ನಡೆಯಿತು. ಶಾಮಿಯಾನ, ಮೈಕು, ಖಾರಾಬಾತು. ಬೆಂಗಳೂರಿನಿಂದ ಬಂದ ತಜ್ಞರು ಚಿತ್ರಪಟ ತೋರಿಸಿ “ಮಗುವನ್ನು ತಣ್ಣನೆ ಗಾಳಿ ನುಗ್ಗದ ಬೆಚ್ಚಗಿನ ಕೋಣೆಯಲ್ಲಿ ಇಡಬೇಕು” ಎಂದು ಪಾಠ ಮಾಡಿದರು. ಕೇಳುವವರು ಸಾಲದೆಂದು ಶೆಡ್ಡಿನ ಹೆಂಗಸರನ್ನೆಲ್ಲ ಕೂರಿಸಿದ್ದರು. ಸಂಘಮಿತ್ರಳೂ ಕೂತಿದ್ದಳು, ಎದೆಹಾಲಿಗೆ ರವಿಕೆ ನೆನೆದಿತ್ತು, ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಹಾಜರಾತಿಗೆ ಅವಳ ಸಹಿಯನ್ನೂ ಹಾಕಿಸಿಕೊಂಡರು. ಆಗ ಯಾರೂ ಅವಳನ್ನು ಗೆಸ್ಟು ಅನ್ನಲಿಲ್ಲ, ಯಾರೂ ರೇಷನ್ ಕಾರ್ಡು ಕೇಳಲಿಲ್ಲ. ನನಗೆ ಆ ಮೈಕು ಕಿತ್ತು ಎಸೆಯಬೇಕೆನಿಸಿತು. ಎಸೆಯಲಿಲ್ಲ, ಅನುದಾನದ ಮುಂದಿನ ಕಂತು ತಮ್ಮಿಂದಲೇ ಬರಬೇಕಾಗಿತ್ತು.

ಮಾನ್ಯರೇ, ನನಗೆ ತಮ್ಮ ಸಂತಾಪ ಬೇಡ. ಶೆಡ್ಡು ಇನ್ನೂ ಅಲ್ಲೇ ಇದೆ, ಜನ ಇನ್ನೂ ಅಲ್ಲೇ ಇದ್ದಾರೆ. ಮನೆ ಕಟ್ಟಿಕೊಡುತ್ತಾರೆಂಬ ಮಾತಿದೆ, ಅಡಿಪಾಯ ಕಂಡವರಿಲ್ಲ. ಮುನಿತಾಯಮ್ಮನ ಕಿರಿಯ ಮಗಳು ಗೌತಮಿ ಸೂಲಿಬೆಲೆಯಲ್ಲಿದ್ದಾಳೆ, ಏಳು ತಿಂಗಳ ಬಸುರಿ. ಅವಳ ಅತ್ತೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದಾಳೆ. ಅಲ್ಲಿ ಬಾಣಂತನ ಮಾಡುವುದಿರಲಿ, ಅತ್ತೆಯ ಸೇವೆಯನ್ನು ಬಾಣಂತಿಯೇ ಮಾಡಬೇಕು. ಆದ್ದರಿಂದ ನನ್ನ ಒತ್ತಾಯ ಇಷ್ಟೆ: ನೆರೆ ಬಂದ ಊರಿನಲ್ಲಿ ಯಾರು ಮಲಗಿದ್ದಾರೋ ಅವರೇ ಆ ಊರಿನವರು ಎಂದು ತಮ್ಮ ನಿಯಮ ತಿದ್ದಿ. ಹೊಡೆದು ಹಾಕಿದ ಆ ಸಾಲನ್ನು ವಾಪಸು ಬರೆದು, ಗೌತಮಿ ಹೆರುವುದರೊಳಗೆ ಗೋಮಾಳದಲ್ಲಿ ನಾಲ್ಕು ಗೋಡೆ ಎಬ್ಬಿಸಿ. ಹೆಸರು ಏನು ಬೇಕಾದರೂ ಇಟ್ಟುಕೊಳ್ಳಿ, ತಮ್ಮ ಮುದ್ರೆಯನ್ನು ಬಾಗಿಲಿನಷ್ಟು ದೊಡ್ಡದಾಗಿ ಬರೆಸಿಕೊಳ್ಳಿ, ನನ್ನದೇನೂ ತಕರಾರಿಲ್ಲ.

ಮೊನ್ನೆ ನಾನು ಶೆಡ್ಡಿಗೆ ಹೋದಾಗ ಮುನಿತಾಯಮ್ಮ ಮಗಳ ಹತ್ತಿರ ಫೋನಿನಲ್ಲಿದ್ದಳು. ಆ ಕಡೆಯಿಂದ ಗೌತಮಿ ಅಳುತ್ತಿದ್ದದ್ದು ನನಗೂ ಕೇಳುತ್ತಿತ್ತು. ಮುನಿತಾಯಮ್ಮ ಅಳಲಿಲ್ಲ.

“ಬರ್‌ಬ್ಯಾಡ ಕಣವ್ವ” ಎಂದಳು. “ಹೆಂಗಾದ್ರೂ ಅಲ್ಲೇ ಇದ್‌ಬುಡು. ನಿಂಗೆ ತವ್ರಿಲ್ಲ ಅನ್ಕೋ.”

ಇಂತಿ,
ಮುಂದಿನ ಬಜೆಟ್ಟನ್ನೂ ತಮಗೇ ಕಳಿಸದೆ ಬೇರೆ ಗತಿಯಿಲ್ಲದ
ಪ್ರಮೋದಾ
ದೊಡ್ಡಬಳ್ಳಾಪುರ