ಯಲವಿಗಿಯಲ್ಲಿ ಇಳಿಯಬೇಡ

ಸವಣೂರು
೧೪ ನವೆಂಬರ್ ೨೦೨೪

ಚಿ. ಸೌ. ಶೈಲಶ್ರೀಗೆ ಅವ್ವನ ಆಶೀರ್ವಾದ.

ನಿನ್ನ ಹೆಸರಿನ ಹಿಂದೆ ‘ಸೌ.’ ಬರೆದದ್ದು ಇದೇ ಮೊದಲು. ನಿಮ್ಮಿಬ್ಬರ ರಿಜಿಸ್ಟರ್ ಮದುವೆಯ ಸುದ್ದಿ ತಿಳಿದು ತಿಂಗಳಾದರೂ ಒಂದು ಮಾತು ಹರಸಲಿಲ್ಲ, ಬೇಸರ ಮಾಡಿಕೊಳ್ಳಬೇಡ. ನಾನು ಫೋನು ಹಿಡಿದರೆ ಸಾಕು, ನಿನ್ನ ತಮ್ಮ ಚನ್ನೇಶ ಬಂದು ಪಕ್ಕದಲ್ಲಿ ಕೂಡುತ್ತಾನೆ. ನೀವು ಐತವಾರ ಬರುತ್ತೇವೆ ಅಂದದ್ದೂ ಹಾಗೇ ಅವನ ಕಿವಿಗೆ ಬಿದ್ದಿದೆ. ಕಾಲೇಜಿನ ಜಯಶ್ರೀ ಮೇಡಂ ನಾಳೆ ಹುಬ್ಬಳ್ಳಿಗೆ ಬರುತ್ತಾರೆ. ಅವರ ಕೈಯಲ್ಲಿ ಇದನ್ನು ಕೊಡುತ್ತೇನೆ.

ಮೇಡಂ ಇಲ್ಲಿ ಕಾಲೇಜಿನಲ್ಲಿ ಊರವರಿಗೆಲ್ಲ ಪರದೇಶದ ಹಳೆಯ ಸಿನಿಮಾ ತೋರಿಸುತ್ತಿದ್ದಾರೆ. ಹೋದ ವಾರ ಆಫ್ರಿಕಾದ್ದು. ಅಲ್ಲಿನ ಹೆಂಗಸರು ಒನಕೆ ಹಿಡಿದು ಕುಟ್ಟುವುದನ್ನು ನೋಡಿ ಪಕ್ಕದ ಮನೆಯ ಹುಚ್ಚವ್ವ, “ಸರೋಜಕ್ಕಾ, ಇದು ನಮ್ಮ ಅಬಲೂರ ಕಡೇದ ಐತಿ ನೋಡ್ರಿ!” ಅಂತ ಕೂಗಿದಳು. ಚನ್ನೇಶನೂ ನಕ್ಕ. ಸಿನಿಮಾದ ಕೊನೆಗೆ ಒಬ್ಬ ಮುದುಕಿ ಸತ್ತಾಗ ಕಣ್ಣೊರೆಸಿಕೊಂಡ. ನಿನ್ನ ಸುದ್ದಿ ಬಂದ ಮೇಲೆ ಅವನ ಮುಖದಲ್ಲಿ ನಗು ಕಂಡದ್ದು ಅಂದೇ. ನನಗೆ ಜೀವ ಬಂದಂತಾಯಿತು.

ನಿನ್ನೆ ಗ್ರೀಸ್ ದೇಶದ ಕಪ್ಪು-ಬಿಳುಪು ಸಿನಿಮಾ. ಮಾತು ತಿಳಿಯದ ಕಡೆ ಮೇಡಂ ಬಿಡಿಸಿ ಹೇಳಿದರು. ಮನೆಯವರು ಒಲ್ಲದವನನ್ನು ಮದುವೆಯಾದ ಹುಡುಗಿಯೊಬ್ಬಳು ಹಡಗಿನಲ್ಲಿ ತವರಿಗೆ ಬರುತ್ತಾಳೆ. ಬಂದರಿನಲ್ಲಿ ಕಾದಿದ್ದ ಅಣ್ಣ ಅಪ್ಪಿಕೊಂಡು, ಅವಳ ಪೆಟ್ಟಿಗೆ ಹೊತ್ತು, ಗುಡ್ಡದ ದಾರಿ ಹಿಡಿಯುತ್ತಾನೆ. ಇಳಿದು ಬರುವಾಗ ಅವನೊಬ್ಬನೇ. ಪೆಟ್ಟಿಗೆ ಇನ್ನೂ ಹೆಗಲ ಮೇಲಿದೆ.

ಚನ್ನೇಶ ಮೆಲ್ಲಗೆ, “ಅವಂದೇನ ತಪ್ಪೈತಬೇ? ಮನಿ ಮರ್ಯಾದಿ ಉಳಿಸ್ಯಾನ” ಅಂದ.

ಮನೆಗೆ ಬರುವ ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡ. “ಅಕ್ಕ ಐತವಾರ ಬರ್ತಾಳಂತಲ್ಲ, ಯಾವ ಗಾಡಿಗೆ? ಯಲವಿಗಿ ಸ್ಟೇಷನ್ನಿಗೆ ನಾನ ಹೋಗಿ ಕರ್ಕೊಂಡು ಬರ್ತೇನಿ. ಮಾಮಾನ್ನೂ ಕರ್ಕೊಂಡು ಬಾ ಅಂತ ಹೇಳಬೇ.”

ತಿಂಗಳಿಂದ ನಿನ್ನನ್ನು ಅಕ್ಕ ಅಂದವನಲ್ಲ. ಆ ಮೆತ್ತಗಿನ ದನಿ ಕೇಳಿ ಗಾಬರಿಯಲ್ಲಿ “ಸಂಜೀ ಗಾಡಿ ಇರಬೇಕಪಾ” ಅಂದುಬಿಟ್ಟೆ.

ಶೈಲಾ, ನೀವು ಬರಬೇಡಿ. ಐತವಾರ ನಾನೇ ಹಟ ಹಿಡಿದು ಅವನ ಜೊತೆ ಸ್ಟೇಷನ್ನಿಗೆ ಹೋಗುತ್ತೇನೆ, ಗಾಡಿ ಬಿಡುವ ತನಕ ಅವನ ಪಕ್ಕದಲ್ಲೇ ಕೂಡುತ್ತೇನೆ. ಅಷ್ಟರೊಳಗೆ ಮೇಡಂ ಜೊತೆ ಪೊಲೀಸರ ಹತ್ತಿರ ಹೋಗು. ಯಾರ ಭಯ ಅಂತ ಕೇಳಿದರೆ ಚನ್ನೇಶನ ಹೆಸರು ಹೇಳು. ಹೇಳಲು ಅಳುಕಬೇಡ. ಅವನನ್ನು ಹಡೆದವಳೇ ಹೇಳಿಕೊಟ್ಟಿದ್ದಾಳೆ. ಆಮೇಲೆ ಹುಬ್ಬಳ್ಳಿ ಬಿಡಿ. ಎಲ್ಲಿಗೆ ಅಂತ ನನಗೂ ತಿಳಿಸಬೇಡ.

ಅಳಿಯನಿಗೆ ನನ್ನ ಆಶೀರ್ವಾದ ಹೇಳು. ಮುತ್ತೈದೆಯಾಗಿರು, ಎಲ್ಲಿದ್ದರೂ ಉಸಿರಾಡಿಕೊಂಡಿರು.

ನಿನ್ನ ಅವ್ವ
ಸರೋಜವ್ವ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಇಂದು ಬೆಳಿಗ್ಗೆ ಚನ್ನೇಶನ ಚೀಲದಲ್ಲಿ ಹೊಸ ಮಚ್ಚು ಸಿಕ್ಕಿತು. ಓಡಿಹೋಗಿ ನಿಮ್ಮಪ್ಪನ ಮುಂದಿಟ್ಟೆ. ಅವರು ಅಲಗಿನ ಮೇಲೆ ಬೆರಳಾಡಿಸಿ ನೋಡಿದರು. ಮೊದಲಿದ್ದ ಹಾಗೆಯೇ ಪೇಪರಿನಲ್ಲಿ ಸುತ್ತಿ, ಚೀಲದಲ್ಲಿಟ್ಟು, ಜಿಪ್ ಎಳೆದರು. ಆಮೇಲೆ, “ನಾಷ್ಟಾಕ್ಕ ಏನ ಮಾಡೀದಿ?” ಅಂತ ಕೇಳಿದರು.