ಅಳುವ ಮುಖಕ್ಕೆ ಯಾರದೋ ನಗು

ಫಾಂಟಾನಾ, ಕ್ಯಾಲಿಫೋರ್ನಿಯಾ
23 ಆಗಸ್ಟ್ 1968

ವೆರ್ಲಿನ್,

'ಪ್ರಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ಗುರುತು ಕಾಣುತ್ತದೆ, ಕಾಣಲಿ.

ನಿನ್ನ ಸಿನಿಮಾ ನಮ್ಮೂರಿನ ಡ್ರೈವ್-ಇನ್‌ಗೆ, ಕಾರಿನಲ್ಲೇ ಕೂತು ನೋಡುವ ಬಯಲು ಚಿತ್ರಮಂದಿರಕ್ಕೆ, ಬಂದಿದೆ. ಕಳೆದ ಶನಿವಾರ ಅಮ್ಮನನ್ನು ಕರೆದುಕೊಂಡು ಹೋದೆ. ಜೂನ್‌ನಲ್ಲಿ ವಿಯೆಟ್ನಾಮಿನಿಂದ ಅಣ್ಣ ಗಾರ್ಲಂಡನ ಹೆಣ ಬಂದ ಮೇಲೆ ಅವಳು ಮನೆಯಿಂದ ಹೊರಬಿದ್ದದ್ದು ಅದೇ ಮೊದಲು. ಅವನನ್ನು ಇದ್ದ ಹಾಗೆ ತೋರಿಸಿರುತ್ತೀಯ ಎಂದು ನಾನೇ ಒತ್ತಾಯ ಮಾಡಿದ್ದೆ. ನೀನು ಸಂತಾಪದ ಕಾರ್ಡು ಕಳಿಸಿದಾಗಲೇ ಈ ಸಿನಿಮಾ ಮುಗಿದಿತ್ತಲ್ಲವೇ?

ಅಣ್ಣ ಯುದ್ಧಕ್ಕೆ ಹೋಗುವ ಮುಂಚೆ, ಅವನ ಬೈಕ್ ಕೂಟದ ಮುದುಕ ಓಡಮ್ ಸತ್ತಾಗ, ಆ ಶವಯಾತ್ರೆಯಲ್ಲಿ ಕ್ಯಾಮೆರಾ ಹಿಡಿಯಲು ನಿನಗೆ ಒಪ್ಪಿಗೆ ಕೊಡಿಸಿದ್ದು ನಾನು. ಪತ್ರಿಕೆಯವರನ್ನು ಹತ್ತಿರ ಸೇರಿಸದ ಜನ ನನ್ನ ಮುಖ ನೋಡಿ ಹೂಂ ಎಂದರು. ಉಕ್ಕಿನ ಕಾರ್ಖಾನೆಯಲ್ಲಿ ಬೇಯುವವರನ್ನು ಗೂಂಡಾಗಳೆನ್ನುವ ಸುಳ್ಳನ್ನು ಒಡೆಯೋಣ ಎಂದಿದ್ದೆ ನೀನು. ನಾವಿಬ್ಬರೂ ಹಂಚಿದ ಕರಪತ್ರಗಳಲ್ಲಿ ಅದೇ ಮಾತಿತ್ತು.

ತೆರೆಯ ಮೇಲೆ ಆ ಶವಯಾತ್ರೆ ಊರು ಸುಡಲು ಹೊರಟ ದಂಡಾಗಿದೆ. ಶವದ ಗಾಡಿಯನ್ನು ಕತ್ತರಿಸಿ ತೆಗೆದಿದ್ದೀಯ. ಮುಂದಿನ ಸಾಲಿನಲ್ಲಿ ಗಾರ್ಲಂಡ್. ಪಕ್ಕದಲ್ಲಿ ಸತ್ತವನಿಗೆಂದು ಬಿಟ್ಟ ಜಾಗ. ಅಲ್ಲಿ ಯಾರೂ ಬೈಕ್ ಓಡಿಸುವುದಿಲ್ಲವೆಂದು ನಾನೇ ನಿನಗೆ ಹೇಳಿದ್ದೆ. ಸಿನಿಮಾದಲ್ಲಿ ಒಂದು ದನಿ, "ಈ ಜಾಗ ಇವತ್ತು ಹೊತ್ಕೊಂಡ್ ಬರೋ ಹುಡುಗಿಗೆ!" ಎಂದು ಗಹಗಹಿಸುತ್ತದೆ. ಅಣ್ಣ ಅಳುತ್ತಿದ್ದ, ವೆರ್ಲಿನ್. ಆ ಮುಖಕ್ಕೆ ಯಾರದೋ ನಗುವನ್ನು ಅಂಟಿಸಿದ್ದೀಯ.

ಪಕ್ಕದ ಕಾರಿನವನೊಬ್ಬ, "ಲೋ, ಆ ರಾಕ್ಷಸನ್ನ ನೋಡ್ರೋ, ಹೆಂಗೆ ಹಲ್ಲು ಕಿಸೀತಾನೆ!" ಎಂದು ಹಾರನ್ ಬಾರಿಸಿದ. ಅಮ್ಮ ಕಿಟಕಿಯಿಂದ ತಲೆ ಹೊರಹಾಕಿ, "ನಗ್ತಿಲ್ಲ ಕಣಪ್ಪಾ, ಅಳ್ತಿದಾನೆ. ನನ್ನ ಮಗ ಅವನು" ಎಂದಳು. ಅವರು ಇನ್ನೂ ಜೋರಾಗಿ ನಕ್ಕರು.

ನಿನ್ನೆ ಕೂಟದ ಡೆನ್ಸಿಲ್ ಬಂದಿದ್ದ. "ಏನಮ್ಮಾ ಕ್ರಾಂತಿಕಾರಿ, ನಿನ್ನ ಗೆಳೆಯ ನಮ್ಮ ಸಾವನ್ನೂ ಮಾರ್ಕೊಂಡ್ನಲ್ಲ?" ಎಂದ. ಬಂಡವಾಳಗಾರರ ಮೋಸದ ಬಗ್ಗೆ ಎಷ್ಟೆಲ್ಲ ಓದಿದ್ದೇನೆ! ಜೊತೆಗೆ ಕೂತು ಓದಿದವನೇ ಮೋಸ ಮಾಡಿದರೆ ಏನು ಮಾಡಬೇಕೆಂದು ಯಾವುದರಲ್ಲೂ ಇರಲಿಲ್ಲ.

ನಿರ್ಮಾಪಕನ ಕೈವಾಡ ಎನ್ನಬೇಡ. ತೆರೆಯ ಮೇಲೆ ನಿನ್ನ ಹೆಸರಿದೆ, ದೊಡ್ಡದಾಗಿ. ನನಗೆ ಕಾಗದ ಬರೆಯಲೂ ಬೇಡ.

ಇನ್ನು ನಿನಗೆ ಯಾರೂ ಅಲ್ಲದ,
ಆರ್ಡಿತ್

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಅಮ್ಮ ದಿನಾ ಸಂಜೆ ಅಲ್ಲಿಗೇ ಹೋಗುತ್ತಿದ್ದಾಳೆ. ದನಿ ಕೇಳಿಸುವ ಸ್ಪೀಕರನ್ನು ಕಂಬದಿಂದ ಕಾರಿನೊಳಗೆ ತೆಗೆದುಕೊಳ್ಳುವುದಿಲ್ಲ. ಗಾರ್ಲಂಡ್ ಹಾದುಹೋದ ಕೂಡಲೇ ಮನೆಗೆ ಹೊರಡುತ್ತಾಳೆ. ಫೋಟೋಗಳಿವೆ, ಆದರೆ ಅವನು ಅಲುಗಾಡುವುದು ಅಲ್ಲಿ ಮಾತ್ರ. ನಾಳಿದ್ದು ಬೇರೆ ಸಿನಿಮಾ ಹಾಕುತ್ತಾರಂತೆ. "ಆ ಹುಡುಗನ್ನ ಕೇಳೇ, ಅವನಿರೋ ಅಷ್ಟು ಫಿಲ್ಮ್ ತುಂಡು ಕೊಡ್ತಾನಾ ಅಂತ" ಎನ್ನುತ್ತಿದ್ದಾಳೆ.

ಕೇಳಿದ್ದೇನೆ.